ದೆವ್ವ ನೋಡೋಕೆ ಟಿಕೆಟ್ ತಗೊಂಡಿದ್ದು

ಮೊದ್ಲೇ ಹೇಳ್ಬಿಡ್ತೀನಿ, ದೆವ್ವ ಕಾಣಿಸ್ಲಿಲ್ಲ. ಕಾಣಿಸಿದ್ರೆ ಹೀಗೆ ಆರಾಮಾಗಿ ಕೂತು ಟೈಪ್ ಮಾಡ್ತಿರ್ಲಿಲ್ಲ, ಪ್ರೆಸ್ ಮೀಟ್ ಕರೆದಿರ್ತಿದ್ದೆ. ಆದ್ರೂ ಯಾಕೆ ಬರೀತಿದೀನಿ ಅಂದ್ರೆ ಅವತ್ತು ರಾತ್ರಿ ನಾನು ಒಂದು ಕೆಲಸ ಮಾಡ್ಲಿಲ್ಲ, ಆಮೇಲೆ ಇನ್ನೊಂದು ಕೆಲಸ ಮಾಡ್ದೆ, ಎರಡಕ್ಕೂ ಅಕ್ಕನ ಮಗಳು ಸಾಕ್ಷಿ, ಅವಳು ಫ್ಯಾಮಿಲಿ ಗ್ರೂಪಲ್ಲೆಲ್ಲ ಅದನ್ನೇ ಹೇಳ್ಕೊಂಡು ಓಡಾಡ್ತಿದ್ದಾಳೆ, ಸೋ ನನ್ನ ಕಡೆ ವಾದಾನೂ ಒಂದು ಇರ್ಲಿ ಅಂತ.

ಅಕ್ಕ ಭಾವ ಇರೋದು ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ. ನಾನು ಹೋಗಿದ್ದು ನವೆಂಬರಲ್ಲಿ, ಎಲ್ಲರೂ ಬೇಡ ಬೇಡ ಅಂದ ಟೈಮಲ್ಲಿ. ಸಂಜೆ ನಾಲ್ಕೂವರೆಗೆಲ್ಲ ಗವ್ವಂತ ಕತ್ತಲು, ಮಳೆ ಅಂತಾನೂ ಹೇಳಕ್ಕಾಗಲ್ಲ ಇಬ್ಬನಿ ಅಂತಾನೂ ಹೇಳಕ್ಕಾಗಲ್ಲ ಅಂಥದ್ದೊಂದು ತುಂತುರು, ಹಳೇ ಊರಿನ ಕಟ್ಟಡಗಳ ಕಲ್ಲೆಲ್ಲ ಇನ್ನೂರು ವರ್ಷದ ಕಲ್ಲಿದ್ದಲ ಹೊಗೆ ಕುಡಿದು ಕಪ್ಪಗೆ ನಿಂತಿರುತ್ತೆ. ಇಂಥಾ ಊರಲ್ಲಿ ದೆವ್ವದ ಬಿಸಿನೆಸ್ ಚೆನ್ನಾಗಿ ನಡೆಯೋದ್ರಲ್ಲಿ ಆಶ್ಚರ್ಯ ಏನಿಲ್ಲ, ರಾಯಲ್ ಮೈಲ್ ಅನ್ನೋ ಮೇನ್ ರೋಡಲ್ಲಿ ಕತ್ತಲಾದ್ರೆ ಸಾಕು ಕರಿ ನಿಲುವಂಗಿ ಹಾಕ್ಕೊಂಡ ಗೈಡ್‌ಗಳು ಬೋರ್ಡ್ ಹಿಡ್ಕೊಂಡು ನಿಂತಿರ್ತಾರೆ. ಟಿಕೆಟ್ ನಮ್ಮ ರೂಪಾಯಿ ಲೆಕ್ಕದಲ್ಲಿ ತಲೆಗೆ ಎರಡು ಸಾವಿರದ ಮೇಲೆ. ನಮ್ಮೂರಲ್ಲಿ ಹುಣಸೆ ಮರದ ಕೆಳಗೆ ಫ್ರೀಯಾಗಿ ಹೆದ್ರಿಸ್ತಿದ್ರು.

ನಾನು ನಂಬೋನಲ್ಲ. ಅಪ್ಪ ಬಸವನಗುಡಿ ನ್ಯಾಷನಲ್ ಕಾಲೇಜಲ್ಲಿ ಎಚ್. ನರಸಿಂಹಯ್ಯನವರ ಮಾತು ಕೇಳ್ಕೊಂಡು ಬೆಳೆದೋರು, ಎಚ್ಚೆನ್ ಬೆಂಗಳೂರು ಯೂನಿವರ್ಸಿಟಿ ವೈಸ್ ಚಾನ್ಸೆಲರ್ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಒಂದು ಕಮಿಟಿನೇ ಮಾಡಿದ್ರಲ್ಲ, ಆ ಕಥೆ ನಮ್ಮನೇಲಿ ರಾಮಾಯಣ ಮಹಾಭಾರತದ ಪಕ್ಕದಲ್ಲೇ ಇತ್ತು. ಅಮ್ಮ ಬೇರೆ ಪಾರ್ಟಿ. ಹೊರಡೋ ಮುಂಚೆ ವಿಡಿಯೋ ಕಾಲಲ್ಲಿ ಅಕ್ಕನ ಮಗಳು ಬಾಯಿ ಬಿಟ್ಲು, ಅಮ್ಮ ಹೌಹಾರಿ "ರಾತ್ರಿ ಹೊತ್ತು ಸ್ಮಶಾನಕ್ಕಾ? ಅದೂ ದುಡ್ಡು ಕೊಟ್ಟು?" ಅಂದ್ರು. ಆಮೇಲೆ ಒಂದು ನಿಮಿಷ ಸುಮ್ಮನಿದ್ದು, "ಹೋಗಿ, ಆದ್ರೆ ಬಂದ ತಕ್ಷಣ ತಲೆಗೆ ನೀರು ಹಾಕ್ಕೊಳ್ಳಿ, ಹಾಗ್ಹಾಗೇ ಒಳಗೆಲ್ಲ ಓಡಾಡ್ಬೇಡಿ" ಅಂದ್ರು. ಆಯ್ತಮ್ಮಾ ಅಂತ ನಾನು ಕಣ್ಣು ಹೊಡೆದೆ, ಹುಡುಗಿ ಕಡೆಗೆ.

ಹುಡುಗಿಗೆ ಹದಿನಾಲ್ಕು. ಬಸ್ಸಲ್ಲಿ ಪೂರ್ತಿ ದಾರಿ ಅವಳಿಗೆ ನನ್ನ ಲೆಕ್ಚರ್. ವಿಕ್ ಟ್ಯಾಂಡಿ ಅಂತ ಒಬ್ಬ ಇಂಗ್ಲಿಷ್ ಇಂಜಿನಿಯರ್ ಇದ್ದ, ಅವನ ಲ್ಯಾಬಲ್ಲಿ ದೆವ್ವ ಇದೆ ಅಂತ ಎಲ್ಲರಿಗೂ ಗುಮಾನಿ, ಒಂದು ರಾತ್ರಿ ಒಬ್ಬನೇ ಕೂತಿದ್ದಾಗ ಅವನಿಗೂ ಮೈ ಜುಂ ಅಂದು ಕಣ್ಣಂಚಲ್ಲಿ ಬೂದು ಬಣ್ಣದ ಆಕಾರ ಕಾಣಿಸ್ತು, ತಿರುಗಿ ನೋಡಿದ್ರೆ ಇಲ್ಲ. ಮಾರನೇ ದಿನ ಕತ್ತಿವರಸೆ ಸ್ಪರ್ಧೆಗೆ ಅಂತ ತನ್ನ ಕತ್ತೀನ ವೈಸ್‌ಗೆ, ಅಂದ್ರೆ ಬೆಂಚಿನ ಇಕ್ಕಳಕ್ಕೆ, ಸಿಗಿಸಿದ್ರೆ ಅದು ತಾನೇ ತಾನಾಗಿ ನಡುಗ್ತಿದೆ! ಹುಡುಕ್ತಾ ಹೋದ್ರೆ ಹೊಸದಾಗಿ ಹಾಕಿದ ಒಂದು ಫ್ಯಾನು, ಅದರಿಂದ ಸುಮಾರು 19 ಹರ್ಟ್ಜ್ ಕಂಪನ, ಅಂದ್ರೆ ಸೆಕೆಂಡಿಗೆ 19 ಸಲ, ಕಿವಿಗೆ ಕೇಳ್ಸಲ್ಲ ಆದ್ರೆ ಮೈಗೆ ಗೊತ್ತಾಗುತ್ತೆ. 1998ರಲ್ಲಿ ಅದನ್ನ ಪೇಪರ್ ಬರೆದು ಪ್ರಕಟಿಸಿದ. "ಸೋ ದೆವ್ವ ಈಸ್ ಈಕ್ವಲ್ ಟು ಫ್ಯಾನ್" ಅಂತ ಮುಗಿಸ್ದೆ. ಅವಳು ಇಯರ್‌ಫೋನ್ ತೆಗೆದು "ವಾಟ್?" ಅಂದ್ಲು.

ಟೂರ್ ಶುರುವಾಗಿದ್ದು ಎಂಟು ಗಂಟೆಗೆ, ನಾವೊಂದು ಇಪ್ಪತ್ತು ಜನ. ಗೈಡ್ ಗಡ್ಡದ ಹುಡುಗ, ನಾಟಕದೋನೇ ಇರ್ಬೇಕು, ಧ್ವನಿ ಅಂದ್ರೆ ಧ್ವನಿ. ಗ್ರೇಫ್ರಿಯರ್ಸ್ ಸ್ಮಶಾನದ ಹೊರಗೆ ಬಾಬಿ ಅನ್ನೋ ನಾಯಿಯ ಪ್ರತಿಮೆ ಇದೆ, ಒಡೆಯ ಸತ್ತ ಮೇಲೆ 14 ವರ್ಷ ಗೋರಿ ಕಾಯ್ತಂತೆ. ಅದು ಒಂದು ನಾಯಿ ಅಲ್ಲ, ಒಂದು ಸತ್ತ ಮೇಲೆ ಅದರ ಜಾಗಕ್ಕೆ ಇನ್ನೊಂದು ನಾಯಿ ತಂದಿಟ್ರು ಅಂತ ಯಾನ್ ಬಾಂಡೆಸನ್ ಅನ್ನೋ ಇತಿಹಾಸಕಾರ 2011ರಲ್ಲಿ ವಾದ ಮಾಡಿದ್ದಾನೆ, ಇದನ್ನೂ ಹೇಳಿದೆ, ಹುಡುಗಿ ನಾಯಿ ಮೂಗು ಸವರ್ತಾ "ಮಾಮ ಪ್ಲೀಸ್" ಅಂದ್ಲು.

ಒಳಗೆ ಹೋದ್ಮೇಲೆ ಗೈಡ್ ಅಸಲಿ ಕಸುಬು ಶುರು ಮಾಡ್ದ. 1679ರಲ್ಲಿ ಬಾತ್‌ವೆಲ್ ಬ್ರಿಜ್ ಯುದ್ಧದಲ್ಲಿ ಸೋತ ಕವನೆಂಟರ್ಸ್, ಅಂದ್ರೆ ಚರ್ಚ್ ವಿಷಯದಲ್ಲಿ ರಾಜನ ಮಾತು ನಡೆಯಲ್ಲ ಅಂತ ತಿರುಗಿ ಬಿದ್ದೋರು, ಅವರಲ್ಲಿ ನೂರಾರು ಜನಾನ ಹಿಡ್ಕೊಂಡು ಬಂದು ಈ ಸ್ಮಶಾನದ ಪಕ್ಕದ ಬಯಲಲ್ಲಿ ಕೂಡಿ ಹಾಕಿದ್ರು. ಮೇಲೆ ಸೂರಿಲ್ಲ. ಬೇಸಿಗೆಯಲ್ಲಿ ಶುರುವಾಗಿದ್ದು ಚಳಿಗಾಲದ ತನಕ. ಕೆಲವರು ಸತ್ರು, ಕೆಲವರು ಇನ್ನು ತಿರುಗಿ ಬೀಳಲ್ಲ ಅಂತ ಸಹಿ ಹಾಕಿ ಬಿಡುಗಡೆ ಆದ್ರು, ಕೊನೆಗೆ ಉಳಿದ ಇನ್ನೂರೈವತ್ತು ಚಿಲ್ಲರೆ ಜನರನ್ನ ಅಮೆರಿಕದ ಕಾಲೊನಿಗೆ ಮಾರೋಕೆ ಅಂತ ಹಡಗಿಗೆ ತುಂಬಿದ್ರು, ಅದು ಡಿಸೆಂಬರಲ್ಲಿ ಆರ್ಕ್ನಿ ದ್ವೀಪಗಳ ಹತ್ರ ಬಂಡೆಗೆ ಬಡಿದು ಇನ್ನೂರು ಜನ ಮುಳುಗಿದ್ರು. ಇವರ ಮೇಲೆ ಕೇಸು ನಡೆಸಿದ ಸರ್ಕಾರಿ ವಕೀಲ ಜಾರ್ಜ್ ಮೆಕೆಂಜಿ 1691ರಲ್ಲಿ ಸತ್ತ, ಅವನನ್ನ ಹೂತಿರೋದೂ ಇದೇ ಸ್ಮಶಾನದಲ್ಲೇ, ಕರೀ ಗುಮ್ಮಟದ ಗೋರಿ. ಹುಡುಗರು ಶತಮಾನಗಳಿಂದ ಆ ಬಾಗಿಲಿಗೆ ಬಾಯಿಟ್ಟು ಧೈರ್ಯ ಇದ್ರೆ ಆಚೆ ಬಾರೋ ಅಂತ ಕೂಗಿ ಓಡಿಹೋಗ್ತಿದ್ರಂತೆ. ಈಗಿನ ಕಥೆ ಏನಂದ್ರೆ 1998ರ ಡಿಸೆಂಬರಲ್ಲಿ ಮನೆಮಠ ಇಲ್ಲದ ಒಬ್ಬ ಮಳೆಗೆ ಆ ಗೋರಿಯೊಳಗೆ ನುಗ್ಗಿ ನೆಲ ಕುಸಿದು ಬಿದ್ದ, ಅವತ್ತಿಂದ ಮೆಕೆಂಜಿ ಎದ್ದಿದ್ದಾನೆ, ಬಂದೋರಿಗೆ ಪರಚ್ತಾನೆ, ತಲೆಸುತ್ತು ಬರಿಸ್ತಾನೆ.

ಗೈಡ್ ಹೇಳದೇ ಬಿಟ್ಟಿದ್ದು ಎರಡಿದೆ. ಈ ಮೆಕೆಂಜಿನೇ ಮಾಟಗಾತಿ ಅಂತ ಸಿಕ್ಕಿಬಿದ್ದ ಹೆಂಗಸರ ಪರವಾಗಿ ವಾದ ಮಾಡಿದೋನು, ಹಿಂಸೆ ಕೊಟ್ಟು ತಪ್ಪೊಪ್ಪಿಗೆ ಹೇಳಿಸ್ತಾರೆ, ಸಿಕ್ಕೋರೆಲ್ಲ ಬಡವರು ಪಾಪದೋರು ಅಂತ ಬರೆದಿಟ್ಟೋನು. ಅಂದ್ರೆ ಆ ಕಾಲದ ಲೆಕ್ಕಕ್ಕೆ ಅವನೂ ಸ್ವಲ್ಪ ನಮ್ಮ ಪಾರ್ಟಿನೇ, ಅವನನ್ನೇ ದೆವ್ವ ಮಾಡಿ ಕೂರಿಸಿದ್ದಾರೆ! ಎರಡನೇದು, ಬೀಗ ತೆಗೆದು ನಮ್ಮನ್ನ ಕರ್ಕೊಂಡು ಹೋಗಿದ್ದು ಕವನೆಂಟರ್ಸ್ ಜೈಲು ಅಂತ, ಎರಡೂ ಕಡೆ ಸಾಲು ಗೋರಿಗಳು, ಆದ್ರೆ ಆ ಗೋರಿಗಳನ್ನ ಕಟ್ಟಿದ್ದು ಅವರೆಲ್ಲ ಹೋಗಿ ಎಷ್ಟೋ ವರ್ಷ ಆದ್ಮೇಲೆ, ಆಗ ಅದು ಬರೀ ಬಯಲು. ಇಪ್ಪತ್ತು ಜನಾನ ಒಂದು ಗೋರಿ ಒಳಗೆ ತುಂಬಿ ಟಾರ್ಚ್ ಆರಿಸಿ, ಆ ಚಳಿಯಲ್ಲಿ ಅಷ್ಟೊತ್ತು ಅಲ್ಲಾಡದೆ ನಿಲ್ಸಿದ್ರೆ ಯಾರಿಗಾದ್ರೂ ಒಬ್ಬರಿಗೆ ತಲೆ ಸುತ್ತೇ ಸುತ್ತುತ್ತೆ, ನಮ್ಮ ಸ್ಕೂಲ್ ಪ್ರೇಯರಲ್ಲಿ ವಾರಕ್ಕೊಬ್ರು ಬೀಳ್ತಿದ್ರು, ಯಾವ ಮೆಕೆಂಜಿನೂ ಇರ್ಲಿಲ್ಲ. ಒಂದು ಮಾತು ಮಾತ್ರ ಒಪ್ಕೋಬೇಕು, ಗೈಡ್ ಒಂದು ಸಲಾನೂ "ದೆವ್ವ ಇದೆ" ಅನ್ಲಿಲ್ಲ. "ಕೆಲವರಿಗೆ ಇಲ್ಲಿ ಎಡಗಡೆ ತಣ್ಣಗೆ ಅನ್ನಿಸುತ್ತಂತೆ" ಅಂದು ಸುಮ್ಮನಾಗ್ತಿದ್ದ ಅಷ್ಟೆ. ಹಾಗಂದ ಮೇಲೆ ಎಡಗಡೆ ತಣ್ಣಗಾಗದೇ ಇರುತ್ತಾ, ಎಡಗಡೆ ಇರೋದೇ ಕಲ್ಲಿನ ಗೋಡೆ.

ಅಲ್ಲಿಂದ ಸೌತ್ ಬ್ರಿಜ್ ಕೆಳಗಿನ ನೆಲಮಾಳಿಗೆಗೆ. 1788ರಲ್ಲಿ ಮುಗಿದ ಸೇತುವೆ, 19 ಕಮಾನು, ಅದರಲ್ಲಿ ಇವತ್ತು ಹೊರಗೆ ಕಾಣೋದು ಒಂದೇ, ಮಿಕ್ಕಿದ್ದೆಲ್ಲ ಎರಡೂ ಕಡೆ ಎದ್ದ ಕಟ್ಟಡಗಳ ಹಿಂದೆ ಮುಚ್ಚಿಹೋಗಿವೆ. ಕಮಾನಿನೊಳಗೆ ಮಾಡಿದ ಕೋಣೆಗಳಲ್ಲಿ ಮೊದ್ಲು ಚಪ್ಪಲಿ ಹೊಲಿಯೋರು, ಹೆಂಡದಂಗಡಿಗಳು, ಗೋದಾಮು ಇದ್ವು, ಆದ್ರೆ ಮೇಲಿನ ನೀರು ಇಳಿಯದ ಹಾಗೆ ಸರಿಯಾಗಿ ಕಟ್ಟಿರ್ಲಿಲ್ಲ, ಸೋರಿ ಸೋರಿ ಅಂಗಡಿಯೋರು ಖಾಲಿ ಮಾಡಿದ್ರು, ಎಲ್ಲೂ ಗತಿ ಇಲ್ಲದೋರು ಬಂದು ಸೇರ್ಕೊಂಡ್ರು. ಕಿಟಕಿ ಇಲ್ಲ. ಮತ್ತೆ ಜನಕ್ಕೆ ಗೊತ್ತಾಗಿ ಅಗೆದು ತೆಗೆದಿದ್ದು 1980ರ ದಶಕದಲ್ಲಿ, ಕಸದಲ್ಲಿ ಸಿಕ್ಕಿದ್ದು ರಾಶಿ ರಾಶಿ ಸಿಂಪಿ ಚಿಪ್ಪು, ಆಗ ಅಲ್ಲಿ ಸಿಂಪಿ ಬಡವರ ಊಟ. ಈಗಲೂ ಟಪ್ ಟಪ್ ಅಂತ ಹನಿ ಬೀಳ್ತಿರುತ್ತೆ, ಒಂದು ನನ್ನ ಕತ್ತಿನ ಹಿಂದೆ ಕಾಲರ್ ಒಳಗೇ ಬಿತ್ತು, ನಾನು ಕೂಗಿದ್ದು ನೀರಿಗೆ, ದಯವಿಟ್ಟು ಗಮನಿಸಿ.

ಒಂದು ಕೋಣೆಯ ನೆಲದ ಮೇಲೆ ಕಲ್ಲುಗಳ ವೃತ್ತ. ದಿಂಡುಗಲ್ಲೇನಲ್ಲ, ರಂಗೋಲಿ ಹಾಕಿದ ಹಾಗೆ ಸುತ್ತ ಜೋಡಿಸಿಟ್ಟ ಕಲ್ಲು, ಮಧ್ಯ ಖಾಲಿ ಒದ್ದೆ ಮಣ್ಣು. ಒಳಗೆ ಕಾಲಿಡ್ಬೇಡಿ ಅಂತ ನನ್ನ ಸಲಹೆ, ಇಟ್ರೆ ನಾನೇನೂ ತಡೆಯಲ್ಲ, ಅಂದ ಗೈಡ್. ಹುಡುಗಿ ನನ್ನ ಮುಖ ನೋಡಿದ್ಲು. ಬಸ್ಸಲ್ಲಿ ಅಷ್ಟು ಕೊರೆದಿದ್ದೀನಲ್ಲ, ನ್ಯಾಯವಾಗಿ ನಾನೇ ಮೊದ್ಲು ಹೋಗ್ಬೇಕು. ಹೋದೆ, ಶೂ ತುದಿ ಕಲ್ಲಿಂದ ಒಂದು ಗೇಣು ದೂರ. ಅಲ್ಲೇ ನಿಂತೆ. ಭಯ ಅಂತಲ್ಲ, ಎದೆ ಬಡ್ಕೊಳ್ಳೋದು ಬೆವರೋದು ಏನೂ ಇಲ್ಲ, ಕಾಲು ಸುಮ್ಮನೆ ಮುಂದಕ್ಕೆ ಹೋಗ್ಲಿಲ್ಲ, ಬೇರೆಯವರ ಮನೆ ರಂಗೋಲಿ ತುಳಿಯೋಕೆ ಹೇಗೆ ಕಾಲು ಬರಲ್ವೋ ಹಾಗೆ. "ಯಾಕ್ ಮಾಮ?" ಅಂದ್ಲು. "ಶೂ ಕೆಸರಾಗುತ್ತೆ" ಅಂದೆ. ಅವಳು ತನ್ನ ಬಿಳಿ ಶೂ ನೋಡ್ಕೊಂಡ್ಲು, ಹಾರಿ ಒಳಗೆ ನಿಂತ್ಲು, ಒಂದು ಸೆಲ್ಫಿ ತಗೊಂಡ್ಲು, ಆಚೆ ಬಂದ್ಲು.

ಇದು ಮನಸ್ಸಿಗೆ ಕಿರಿಕಿರಿ ಆಗಿ ಮಾರನೇ ದಿನ ಕೂತು ಓದಿದೆ, ಅಲ್ಲಿ ಇನ್ನೊಂದು ಪೆಟ್ಟು. ರಿಚರ್ಡ್ ವೈಸ್‌ಮನ್ ಅನ್ನೋ ಸೈಕಾಲಜಿಸ್ಟ್ ಇದೇ ನೆಲಮಾಳಿಗೆಯಲ್ಲಿ ಪ್ರಯೋಗ ಮಾಡಿದ್ದಾನೆ, 2003ರಲ್ಲಿ ಬಂದ ಪೇಪರು. ಇನ್ನೂರು ಚಿಲ್ಲರೆ ಜನರನ್ನ ಒಬ್ಬೊಬ್ಬರಾಗಿ ಬೇರೆ ಬೇರೆ ಕೋಣೇಲಿ ಕೂರಿಸಿ ಏನನ್ನಿಸ್ತು ಬರೀರಿ ಅಂದ್ರೆ, ದೆವ್ವ ಇದೆ ಅಂತ ಹೆಸರು ಬಿದ್ದ ಕೋಣೆಗಳಲ್ಲೇ ಜನಕ್ಕೆ ವಿಚಿತ್ರ ಅನುಭವ ಜಾಸ್ತಿ, ಆ ಹೆಸರು ಮೊದಲೇ ಗೊತ್ತಿದ್ದಕ್ಕೆ ಹಾಗಾಯ್ತು ಅನ್ನೋಕೂ ಆಗ್ಲಿಲ್ಲ! ಹೊಂದಿಕೆ ಆಗಿದ್ದು ಬೆಳಕು, ಕೋಣೆಯ ಅಳತೆ, ಅಯಸ್ಕಾಂತ ಕ್ಷೇತ್ರದ ಏರುಪೇರು ಇಂಥವಕ್ಕೆ. ಸರಿ, ಗೆದ್ದೆ ಅಂದ್ಕೊಂಡೆ. ಆದ್ರೆ 2009ರಲ್ಲಿ ಲಂಡನ್ನಿನ ಕ್ರಿಸ್ ಫ್ರೆಂಚ್ ಮತ್ತವರ ತಂಡ ಒಂದು ಕೋಣೇನ ಬೇಕಂತಲೇ ಕಟ್ಟಿ 79 ಜನರನ್ನ ಬಿಟ್ಟು, ಕೇಳಿಸದ ಕಂಪನ, ಅಯಸ್ಕಾಂತ ಎಲ್ಲಾ ಆನ್ ಆಫ್ ಮಾಡಿ ನೋಡಿದ್ರೆ, ತಲೆ ಸುತ್ತಿದೋರು, ಯಾರೋ ಪಕ್ಕದಲ್ಲಿದ್ದ ಹಾಗೆ ಅನ್ನಿಸಿದೋರು ಸುಮಾರು ಜನ ಇದ್ರು, ಆದ್ರೆ ಯಂತ್ರ ಆನ್ ಇದ್ದಿದ್ದಕ್ಕೂ ಅದಕ್ಕೂ ಸಂಬಂಧವೇ ಕಾಣಿಸ್ಲಿಲ್ಲ. ಏನಾದ್ರೂ ಆಗ್ಬಹುದು ಅಂತ ಮೊದ್ಲೇ ಹೇಳಿದ್ದೇ ಸಾಕಾಗಿರ್ಬೇಕು ಅಂತ ಅವರ ಅಂದಾಜು. ಅಂದ್ರೆ ನನ್ನ 19 ಹರ್ಟ್ಜ್ ಫ್ಯಾನು? ವರ್ಷಗಟ್ಟಲೆ ಮದುವೆ ಮನೇಲಿ, ಆಫೀಸ್ ಕ್ಯಾಂಟೀನಲ್ಲಿ, ಮೊನ್ನೆ ಬಸ್ಸಲ್ಲಿ, ಪರೀಕ್ಷೆ ಮಾಡದೇ, ಚೆನ್ನಾಗಿದೆ ಅನ್ನೋ ಒಂದೇ ಕಾರಣಕ್ಕೆ ಹೇಳ್ಕೊಂಡು ಬಂದಿದೀನಿ. ಆ ಗಡ್ಡದ ಹುಡುಗನಾದ್ರೂ "ಅಂತೆ" ಸೇರಿಸ್ತಿದ್ದ. ನಾನು ಅದನ್ನೂ ಸೇರಿಸ್ತಿರ್ಲಿಲ್ಲ.

ಇನ್ನು ಆ ಎರಡನೇ ಕೆಲಸ. ಟೂರ್ ಮುಗಿಸಿ ಮನೆಗೆ ಬಂದಾಗ ಹನ್ನೊಂದು ಗಂಟೆ, ಅಕ್ಕ ಸಾರು ಬಿಸಿ ಮಾಡಿಟ್ಟು ಕಾಯ್ತಿದ್ಲು, ತಟ್ಟೆ ಹಾಕ್ಲಾ ಅಂದ್ಲು, ಐದು ನಿಮಿಷ ಇರು ಅಂತ ಶೂ ಹೊರಗೇ ಬಿಟ್ಟು ಯಾವುದನ್ನೂ ಮುಟ್ಟದೆ ಸೀದಾ ಬಾತ್‌ರೂಮಿಗೆ ಹೋದೆ. ಆಚೆ ಬಂದಾಗ ಹುಡುಗಿ ಬಾಗಿಲ ಹತ್ರಾನೇ ಕೈಕಟ್ಟಿ ನಿಂತಿದ್ಲು, ಅದೇ ಶೂ ಹಾಕ್ಕೊಂಡು. ಚಳಿ ಕಣೇ, ಬಿಸಿನೀರು ಬೇಕಿತ್ತು ಅಂದೆ. ತಲೆಗೂ ಯಾಕೆ ಹಾಕ್ಕೊಂಡ್ರಿ ಅಂತ ಅವಳು ಕೇಳಿದ್ಲು, ಹೇರ್ ಡ್ರೈಯರ್ ಎಲ್ಲಿಟ್ಟಿದ್ದೀರ ಅಂತ ನಾನು ಕೇಳ್ದೆ.