ಎಷ್ಟು ಜನಕ್ಕೆ ಶಿಕ್ಷೆ ಆಯ್ತು ಅಂತ ಮಾತ್ರ ಕೇಳ್ಬೇಡಿ

ಕಳ್ಳಸಾಗಣೆಗೆ ಸಿಕ್ಕಿ ಬಚಾವಾಗಿ ಬಂದ ಮಕ್ಕಳಿಗೆ ರಕ್ಷಣೆ, ಕಾನೂನು ನೆರವು ಕೊಡೋ ಪ್ರೋಗ್ರಾಂಗಳು ನಿಜವಾಗ್ಲೂ ಕೆಲಸ ಮಾಡ್ತಿದ್ಯಾ ಅಂತ ನೋಡೋದು ನನ್ನ ಕೆಲಸ. ಇದು ಗೊತ್ತಾದ ತಕ್ಷಣ ಎಲ್ರೂ ಕೇಳೋದು ಒಂದೇ, "ಎಷ್ಟು ಮಕ್ಕಳನ್ನ ಬಿಡಿಸಿದ್ರು, ಎಷ್ಟು ಜನ ಜೈಲಿಗೆ ಹೋದ್ರು, ಅಷ್ಟು ಗೊತ್ತಾದ್ರೆ ಸಾಕಲ್ವಾ?"

ಸಾಕಾಗಲ್ಲ. ಶಿಕ್ಷೆ ಆಗೋದು ಪೊಲೀಸ್ ತನಿಖೆ, ಸಾಕ್ಷಿ, ಕೋರ್ಟಿನ ವೇಗ ಎಲ್ಲದರ ಮೇಲೆ ನಿಂತಿರುತ್ತೆ, ಪ್ರೋಗ್ರಾಂನವರ ಕೈಲಿ ಇರೋದು ಅದರಲ್ಲಿ ಸ್ವಲ್ಪವೇ. ಇನ್ನೊಂದು, ಶಿಕ್ಷೆ ಆದ ಎರಡು ಕೇಸ್ ತಗೊಳ್ಳಿ, ಒಂದರಲ್ಲಿ ಮಗು ತನಗಾದದ್ದನ್ನ ಒಂದೇ ಸಲ ಹೇಳಿರುತ್ತೆ, ಇನ್ನೊಂದರಲ್ಲಿ ಪೊಲೀಸ್‌ಗೆ, ಡಾಕ್ಟರ್‌ಗೆ, ಹಾಸ್ಟೆಲ್ ವಾರ್ಡನ್‌ಗೆ, ವಕೀಲರಿಗೆ, ಆಮೇಲೆ ಕೋರ್ಟಲ್ಲಿ ಪಾಟಿ ಸವಾಲಿಗೆ ಅಂತ ಹೇಳಿ ಹೇಳಿ ಸುಸ್ತಾಗಿರುತ್ತೆ. ವರದಿಯಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಅದಕ್ಕೇ ಒಂದು ಮಗು ಎಷ್ಟು ಸಲ, ಯಾರ್ಯಾರ ಮುಂದೆ ಹೇಳ್ಬೇಕಾಯ್ತು ಅನ್ನೋದನ್ನ ನಾನು ಎಣಿಸ್ತೀನಿ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳಿಗೆ ಅಂತ ಐಸ್‌ಲ್ಯಾಂಡ್‌ನಲ್ಲಿ 1998ರಲ್ಲಿ ಶುರುವಾದ ಬರ್ನಾಹುಸ್ ಅನ್ನೋ ಮನೆಯಲ್ಲಿ ಟ್ರೈನಿಂಗ್ ಆದ ಒಬ್ಬರು ಮಾತ್ರ ಮಗು ಜೊತೆ ಕೂತು ಮಾತಾಡ್ತಾರೆ, ಪೊಲೀಸರು, ವಕೀಲರು ಪಕ್ಕದ ರೂಮಲ್ಲಿ ವಿಡಿಯೋದಲ್ಲಿ ನೋಡ್ತಾರೆ. ಅಂದ್ರೆ ಇದು ಆಗದೇ ಇರೋ ಮಾತೇನಲ್ಲ.

ಫೈಲ್‌ಗಳಲ್ಲಿ "ಕಾನೂನು ನೆರವು ಒದಗಿಸಲಾಗಿದೆ" ಅಂತ ಬರೆದಿರುತ್ತೆ. ನಾನು ಎರಡು ತಾರೀಕು ನೋಡ್ತೀನಿ, ವಕೀಲರನ್ನ ನೇಮಿಸಿದ್ದು ಯಾವಾಗ, ಅವರು ಮಗೂನ ಮೊದಲು ಮಾತಾಡಿಸಿದ್ದು ಯಾವಾಗ. ಎರಡನೇದು ಸಾಕ್ಷಿ ಹೇಳೋ ದಿನವೇ ಆಗಿದ್ರೆ, ಕೋರ್ಟ್ ಕಾರಿಡಾರಲ್ಲಿ ನಿಂತ್ಕೊಂಡು ಐದು ನಿಮಿಷ ಮಾತಾಡಿದ್ದನ್ನ ನೆರವು ಅಂತ ನಾನು ಒಪ್ಪಲ್ಲ. ಹೇಳಿಕೆಯಲ್ಲಿ "ಇಷ್ಟಪಟ್ಟು ಹೋದ್ಯಾ?" ಅನ್ನೋ ಪ್ರಶ್ನೆ ಇದ್ಯಾ ಅಂತಾನೂ ಹುಡುಕ್ತೀನಿ. ಮನುಷ್ಯರ ಕಳ್ಳಸಾಗಣೆ ತಡೆಯೋಕೆ ಅಂತ ಇರೋ ವಿಶ್ವಸಂಸ್ಥೆಯ ಒಪ್ಪಂದ, 2000ದ ಪಲೆರ್ಮೊ ಪ್ರೋಟೋಕಾಲ್ ಪ್ರಕಾರ ಶೋಷಣೆಗೆ ಅಂತ 18 ವರ್ಷದೊಳಗಿನವರನ್ನ ಸಾಗಿಸಿದ್ರೆ ಅವರು ಒಪ್ಪಿದ್ರಾ ಇಲ್ವಾ ಅನ್ನೋದು ಲೆಕ್ಕಕ್ಕೇ ಬರಲ್ಲ, ಆದ್ರೂ ಈ ಪ್ರಶ್ನೆ ಕೇಳ್ತಾನೇ ಇದಾರೆ, ಕೆಲವು ಕಡೆ ಬೇರೆಯವರ ಬಲವಂತಕ್ಕೆ ಕಳ್ಳತನ ಮಾಡಿದ ಮಗೂನೇ ಆರೋಪಿ ಜಾಗದಲ್ಲಿ ನಿಲ್ಲಿಸ್ತಾರೆ. ಸಿಟ್ಟು ಬರುತ್ತೆ ನನಗೆ.

ಆಮೇಲೆ ಕಾಣೆಯಾಗೋ ಮಕ್ಕಳು. ಆಶ್ರಯ ಕೊಟ್ಟ ಜಾಗದಿಂದ ಮಗು ಹೊರಟುಹೋದ್ರೆ ತುಂಬಾ ವರದಿಗಳಲ್ಲಿ ಅದರ ಹೆಸರೇ ಲೆಕ್ಕದಿಂದ ಬಿದ್ದುಹೋಗುತ್ತೆ, ಉಳಿದವರನ್ನ ಮಾತ್ರ ಎಣಿಸಿ ಫಲಿತಾಂಶ ಚೆನ್ನಾಗಿದೆ ಅಂತಾರೆ. ಇಂಗ್ಲೆಂಡ್‌ನಲ್ಲಿ 2014-15ರಲ್ಲಿ 23 ಸ್ಥಳೀಯ ಆಡಳಿತಗಳಲ್ಲಿ ಕೆಲವು ಮಕ್ಕಳಿಗೆ ಅವರ ಪರವಾಗೇ ನಿಲ್ಲೋ ಒಬ್ಬೊಬ್ಬ ಅಡ್ವೊಕೇಟ್‌ನ ಕೊಟ್ಟು ನೋಡಿದ್ರು (ಕೋರ್ಟಲ್ಲಿ ವಾದ ಮಾಡೋ ವಕೀಲರಲ್ಲ ಇವರು), ಮಕ್ಕಳಿಗೆ ನಂಬಿಕೆ ಬಂತು, ಅನುಕೂಲ ಆಯ್ತು, ಆದ್ರೆ ಕಾಣೆಯಾಗೋದು ಕಮ್ಮಿ ಆಯ್ತು ಅಂತ ಖಚಿತವಾಗಿ ಹೇಳೋಕೆ ಆಗ್ಲಿಲ್ಲ, ಮತ್ತೆ ಅದನ್ನ ಮುಚ್ಚಿಡ್ಲಿಲ್ಲ. ಮೌಲ್ಯಮಾಪನ ಅಂದ್ರೆ ಹಂಗಿರ್ಬೇಕು.

ಕೇಸ್ ಕ್ಲೋಸ್ ಆದ್ಮೇಲೆ ಏನಾಯ್ತು ಅಂತ ನೋಡೋಕೆ ದುಡ್ಡು ಕೊಡೋರು ಕಮ್ಮಿ. ಕಾಂಬೋಡಿಯಾದಲ್ಲಿ ಒಂದು ಅಧ್ಯಯನ 128 ಜನರನ್ನ ಸುಮಾರು ಹತ್ತು ವರ್ಷ ಹಿಂಬಾಲಿಸ್ತು, ಮನೆಗೆ ವಾಪಸ್ ಹೋದ್ಮೇಲೆ ಬಡತನ, ಸಾಲ, ಅಕ್ಕಪಕ್ಕದವರ ಕೊಂಕು ಮಾತು ಹೆಂಗೆ ಬದುಕನ್ನ ಹಿಡ್ಕೊಳ್ಳುತ್ತೆ ಅನ್ನೋದು ಕಂಡಿದ್ದು ಅಷ್ಟು ವರ್ಷ ಕಾದಿದ್ದಕ್ಕೆ. ಆರು ತಿಂಗಳಿಗೊಂದು ಫಾರ್ಮ್ ತುಂಬಿದ್ರೆ ಇದು ಕಾಣಲ್ಲ.

ಮಕ್ಕಳ ಜೊತೆ ಮಾತಾಡುವಾಗ ನಾನು "ನಿನಗೆ ಏನಾಯ್ತು" ಅಂತ ಕೇಳೋದೇ ಇಲ್ಲ, ಇನ್ನೊಬ್ಬರ ಮುಂದೆ ಅದನ್ನ ಹೇಳಿಸೋ ಹಕ್ಕು ನನಗಿಲ್ಲ. ಮುಂದಿನ ಹಿಯರಿಂಗ್ ಯಾವಾಗ ಅಂತ ಯಾರಾದ್ರೂ ಹೇಳಿದ್ರಾ, ಪರಿಹಾರ ಕೇಳಬಹುದು ಅಂತ ಗೊತ್ತಾ, ರಾತ್ರಿ ಭಯ ಆದ್ರೆ ಯಾರಿಗೆ ಫೋನ್ ಮಾಡ್ತೀಯಾ, ಹೋದ ವರ್ಷ ಜೊತೆಗಿದ್ದ ಅಕ್ಕ ಈಗ್ಲೂ ಬರ್ತಾರಾ, ಇಷ್ಟೇ. ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ಅಲ್ಲಿಗೆ ನಿಲ್ಲಿಸ್ತೀನಿ, ಅದರಿಂದ ಅವರಿಗೆ ಸಿಗೋ ಸಹಾಯ ನಿಲ್ಲಲ್ಲ ಅಂತ ಶುರುವಲ್ಲೇ ಹೇಳಿರ್ತೀನಿ.