40 ಗ್ರಾಂ, ಮಲಯಾಳದಲ್ಲಿ 4 ಪೇಜ್

ಕಳೆದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಹತ್ತೂವರೆಗೆ ಪಕ್ಕದ ಮನೆ ಅಕ್ಕ ಬಂದು ಬಾಗಿಲು ಬಡಿದ್ರು, ಕರೆಂಟ್ ಬೇರೆ ಇಲ್ಲ. ಮಂಗಳೂರಲ್ಲಿ ಓದುವ ಅವರ ಮಗನನ್ನು ತಲಪಾಡಿ ಗಡಿ ದಾಟಿ ಕೇರಳಕ್ಕೆ ಬಂದ ಮೇಲೆ ಬಸ್ಸಿಂದ ಇಳಿಸಿದ್ದಾರಂತೆ, ಬ್ಯಾಗಲ್ಲಿ 40 ಗ್ರಾಂ ಗಾಂಜಾ ಇತ್ತಂತೆ. "ಹತ್ತು ವರ್ಷ ಜೈಲಂತೆ, ಹೌದಾ ತಮ್ಮಾ?" ಯಾರೋ ಫೋನಲ್ಲಿ ಹಾಗೆ ಹೆದರಿಸಿದ್ದ, ಅದೇ ಮನುಷ್ಯ 50 ಸಾವಿರ ಕೊಟ್ರೆ ಬೆಳಗ್ಗೆ ಒಳಗೆ ಕೇಸೇ ಇಲ್ಲದ ಹಾಗೆ ಮಾಡ್ತೇನೆ ಅಂತಲೂ ಹೇಳಿದ್ದ, ಅಕ್ಕ ಬಳೆ ಬಿಚ್ಚಿ ಕೈಯಲ್ಲೇ ಹಿಡ್ಕೊಂಡಿದ್ರು.

ನಾನು ವಕೀಲ ಅಲ್ಲ. ಕೋರ್ಟ್ ಹತ್ತಿರ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟವ, ಇಂಥ ಕಾಗದ ನೋಡಿ ನೋಡಿ ಸ್ವಲ್ಪ ಗೊತ್ತುಂಟು ಅಷ್ಟೆ. ಎನ್‌ಡಿಪಿಎಸ್ ಅಂದ್ರೆ ಮಾದಕ ವಸ್ತುಗಳ ಬಗ್ಗೆ ಇರುವ 1985ರ ಕಾನೂನು, ಅದರಲ್ಲಿ ಎಲ್ಲಾ ತೂಕದ ಮೇಲೆ. ಗಾಂಜಾ 1 ಕೆಜಿವರೆಗೆ ಸಣ್ಣ ಪ್ರಮಾಣ, ಹೆಚ್ಚಂದ್ರೆ ಒಂದು ವರ್ಷ ಅಥವಾ 10 ಸಾವಿರ ದಂಡ, ಇಲ್ಲಾ ಎರಡೂ. 20 ಕೆಜಿ ದಾಟಿದ್ರೆ 10ರಿಂದ 20 ವರ್ಷ. ಎಂಡಿಎಂಎ ಅನ್ನುವ ಕೆಮಿಕಲ್ ಡ್ರಗ್ ಆದ್ರೆ ಕಥೆಯೇ ಬೇರೆ, ಅರ್ಧ ಗ್ರಾಂ ದಾಟಿದ್ರೇ ಸಣ್ಣದಲ್ಲ, 10 ಗ್ರಾಂ ದಾಟಿದ್ರೆ ಕಮರ್ಷಿಯಲ್, ಅಂದ್ರೆ ವ್ಯಾಪಾರದ ಪ್ರಮಾಣ, ಆಗ 37ನೇ ಸೆಕ್ಷನ್ ಅಡ್ಡ ಬಂದು ಬೇಲ್ ಸಿಗುವುದು ಭಾರೀ ಕಷ್ಟ. ಬೇರೆ ಎಂತಾದ್ರೂ ಬೆರೆಸಿದ್ರೆ ಅದೂ ಸೇರಿ ಒಟ್ಟು ತೂಕವೇ ಲೆಕ್ಕ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಆಗಿದೆ.

ಇವನದ್ದು 40 ಗ್ರಾಂ ಆದ ಕಾರಣ ಸ್ಟೇಷನಲ್ಲೇ ಬೇಲ್ ಆಯ್ತು, ಜಾಮೀನಿಗೆ ನಾನು ಮತ್ತೆ ಅಕ್ಕನ ಅಣ್ಣ. ಬಳೆ ಉಳಿಯಿತು. ಆದ್ರೆ ಅಷ್ಟರಲ್ಲಿ ಅವ 4 ಪೇಜಿಗೆ ಸಹಿ ಹಾಕಿ ಆಗಿತ್ತು, ಎಲ್ಲಾ ಮಲಯಾಳ. ಹತ್ತನೇವರೆಗೆ ಕನ್ನಡ ಮೀಡಿಯಂ ಹುಡುಗ, ಮಲಯಾಳ ಚೆನ್ನಾಗಿ ಮಾತಾಡ್ತಾನೆ, ಓದ್ಲಿಕ್ಕೆ ಬರುವುದಿಲ್ಲ. ನಮ್ಮಲ್ಲಿ ಅರ್ಧ ಊರೇ ಹಾಗೆ. ಗಜೆಟೆಡ್ ಆಫೀಸರ್ ಅಥವಾ ಮ್ಯಾಜಿಸ್ಟ್ರೇಟ್ ಎದುರು ಮೈ ತಪಾಸಣೆ ಮಾಡಿ ಅಂತ ಕೇಳುವ ಹಕ್ಕು 50ನೇ ಸೆಕ್ಷನಲ್ಲುಂಟು, ಅದು ನನಗೆ ಬೇಡ ಅಂತ ಇವನೇ ಒಪ್ಪಿದ ಹಾಗೆ ಒಂದು ಪೇಜಲ್ಲಿ ಬರೆದಿತ್ತು. ಕೇಳಿದ್ರೆ "ಎಂತದೋ ಕೇಳಿದ್ರು ಮಾವ, ಆಯ್ತು ಅಂದೆ" ಅಂತಾನೆ! ನಾನು ಇದೇ ದೊಡ್ಡ ಪಾಯಿಂಟ್ ಅಂತ ಹಾರಾಡಿದೆ, ವಕೀಲರು ನಕ್ಕು "ಮಾಲು ಸಿಕ್ಕಿದ್ದು ಬ್ಯಾಗಲ್ಲಿ, 50 ಇರುವುದು ಮೈ ತಪಾಸಣೆಗೆ, ಇದು ನಿಲ್ಲುವುದಿಲ್ಲ" ಅಂದ್ರು. ಅರೆಸ್ಟಿನ ಕಾರಣ ಬರವಣಿಗೆಯಲ್ಲಿ, ಅದೂ ಅವನಿಗೆ ಅರ್ಥ ಆಗುವ ಭಾಷೆಯಲ್ಲೇ ಕೊಡ್ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಆಮೇಲೆ, 2025ರ ನವೆಂಬರಲ್ಲಿ. ಇನ್ನು ಯಾರಿಗಾದ್ರೂ ಹೀಗಾದ್ರೆ ಕನ್ನಡದಲ್ಲಿ ಕೊಡಿ ಅಂತ ಮೊದಲು ಕೇಳಿ, ಆಮೇಲೆ ಸಹಿ.

ವಕೀಲರು ಸಿಕ್ಕಿದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ, ಫ್ರೀ. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟಿದ್ರೂ ಸಿಗ್ತದೆ, ಇವ ಹೊರಗೆ ಬಂದ ಕಾರಣ ಆದಾಯ ತೋರಿಸ್ಬೇಕಾಯ್ತು, ಅಕ್ಕನ ಬೀಡಿ ಸಂಪಾದನೆಗೆ ಅದೊಂದು ಕಷ್ಟ ಆಗ್ಲಿಲ್ಲ. ಕನ್ನಡ ಗೊತ್ತಿರುವವರು ಬೇಕು ಅಂತ ಅರ್ಜಿಯಲ್ಲೇ ಬರೆದೆ. ಫೋನ್ ಮಾಡುವುದಾದ್ರೆ 15100.

ಈಗ ಕುತ್ತಿಗೆಗೆ ಬಂದದ್ದು ಬೇರೆ. ತಪ್ಪೊಪ್ಪಿ ದಂಡ ಕಟ್ಟಿ ಮುಗಿಸು ಅಂತ ಊರವರೆಲ್ಲ ಹೇಳ್ತಾರೆ, ಆದ್ರೆ ಅದು ಶಿಕ್ಷೆ ಅಂತಲೇ ದಾಖಲೆಯಲ್ಲಿ ಕೂರ್ತದೆ, ನಾಳೆ ಗಲ್ಫಿಗೆ ಹೋಗ್ಲಿಕ್ಕೆ ಪೊಲೀಸ್ ಸರ್ಟಿಫಿಕೇಟ್ ಕೇಳಿದ್ರೆ? ಅದೇ ಕಾನೂನಲ್ಲಿ 64ಎ ಸೆಕ್ಷನ್ ಅಂತ ಒಂದು ದಾರಿಯುಂಟು, ವ್ಯಸನಿ ಆದವ ಸಣ್ಣ ಪ್ರಮಾಣದ ಕೇಸಲ್ಲಿ ತಾನಾಗಿ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆಗೆ ಹೋದ್ರೆ ಕೇಸ್ ನಡೆಸುವುದಿಲ್ಲ, ಚಿಕಿತ್ಸೆ ಪೂರ್ತಿ ಮಾಡ್ಬೇಕು. ಅಕ್ಕನಿಗೆ ಮಗನ ಹೆಸರಿನ ಪಕ್ಕ ಆ ಶಬ್ದ ಬರೆಯುವುದೇ ಬೇಡ. ಅವ ನಾನು ಅಡಿಕ್ಟ್ ಅಲ್ಲ ಅಂತಾನೆ, ಅದನ್ನು ಡಾಕ್ಟರ್ ಹೇಳ್ಲಿ ಅಂತ ನಾನು.

ನಿನ್ನೆ ಒಬ್ಬನೇ ಅಂಗಡಿಗೆ ಬಂದು ಆ 4 ಪೇಜಿನ ಇನ್ನೊಂದು ಕಾಪಿ ತೆಗೆಸಿದ. ಈ ಸಲ ನಾನು ಕನ್ನಡದಲ್ಲಿ ಓದಿ ಹೇಳಿ ಮುಗಿಸುವವರೆಗೆ ಸ್ಟೂಲಲ್ಲಿ ಕೂತಿದ್ದ.