ಹಳೇ ಗುಟ್ಸಿಯಲ್ಲಿ ಮಂಡೆಲ್ಲೊಗೆ ಹೋಗುವವರಿಗೆ

ಮ್ಯೂನಿಕ್‌ನಿಂದ ಇಟಲಿಯ ಮಂಡೆಲ್ಲೊ ದೆಲ್ ಲಾರಿಯೊಗೆ ಬೈಕಿನಲ್ಲಿ ಹೊರಟಾಗ ಎಲ್ಲರೂ ಹೆದರಿಸಿದ್ದು ಗಾಡಿಯ ಬಗ್ಗೆಯೇ. ನನ್ನದು ಎಪ್ಪತ್ತರ ದಶಕದ ಮೋಟೊ ಗುಟ್ಸಿ 850 ಟಿ3. ವರ್ಷಗಳಿಂದ ನಾನೇ ಓಡಿಸಿ, ನಾನೇ ಬಿಚ್ಚಿ ಜೋಡಿಸಿದ ಗಾಡಿ. 'ಇಟಲಿ ಮಾಲು, ಅದೂ ಹಳೇದು, ಘಾಟ್‌ನಲ್ಲಿ ಕೈಕೊಡುತ್ತೆ ನೋಡ್ತಿರು' ಅಂದರು. ಗಾಡಿ ಕೈಕೊಡಲಿಲ್ಲ. ಕೈಕೊಟ್ಟಿದ್ದು ರೂಮು.

ಕೋಮೊ ಸರೋವರದ ದಂಡೆಯ ಈ ಪುಟ್ಟ ಊರಿನಲ್ಲಿ ಗುಟ್ಸಿ ಕಂಪನಿ ಶುರುವಾಗಿದ್ದು 1921ರಲ್ಲಿ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಗುಟ್ಸಿ ಬೈಕಿನವರ ಜಾತ್ರೆ. ಆ ವಾರಾಂತ್ಯಕ್ಕೆ ರೂಮಿನ ರೇಟು ಕೇಳಬೇಡಿ. ನನಗೆ ಸಿಕ್ಕಿದ ರೂಮಿಗೆ 'ಸರೋವರ ಕಾಣುತ್ತದೆ' ಅಂತ ಹಾಕಿದ್ದರು. ಬಾತ್‌ರೂಮ್ ಕಿಟಕಿಯಿಂದ ಕತ್ತು ಚಾಚಿದರೆ ಕಾಣುತ್ತಿತ್ತು, ಸುಳ್ಳಲ್ಲ. ರೈಲು ಹಳಿ ಮಾತ್ರ ಮಂಚದಿಂದಲೇ ಕಾಣುತ್ತಿತ್ತು. ಲೆಕ್ಕೊದಿಂದ ಸೋಂದ್ರಿಯೊಗೆ ಹೋಗುವ ಲೈನು ಊರೊಳಗೇ ಹಾದುಹೋಗುತ್ತದೆ, ಹಾಗಾಗಿ ನಿದ್ದೆ ಅಷ್ಟಕ್ಕಷ್ಟೇ. ಬೆಳಿಗ್ಗೆ ಬಿಲ್ಲಿನಲ್ಲಿ ಬೈಕ್ ನಿಲ್ಲಿಸಿದ್ದಕ್ಕೆ ಬೇರೆ ದುಡ್ಡು, ಟವೆಲ್ಲಿಗೆ ಬೇರೆ. ಜಗಳಕ್ಕೆ ನನ್ನ ಇಟಾಲಿಯನ್ ಸಾಲಲಿಲ್ಲ. ನೀವು ಲೆಕ್ಕೊದಲ್ಲೋ ಕೋಲಿಕೊದಲ್ಲೋ ಉಳಿದುಕೊಳ್ಳಿ. ಸಂಜೆ ಬೈಕ್ ಅಲ್ಲೇ ಬಿಟ್ಟು ಅದೇ ಲೈನಿನ ಲೋಕಲ್ ರೈಲಿನಲ್ಲಿ ಬಂದರೆ ಎರಡು ಬಿಯರ್ ಕುಡಿದರೂ ತೊಂದರೆಯಿಲ್ಲ.

ಇನ್ನು ದಾರಿಯಲ್ಲಿ ಸಿಗುವ ಆಲ್ಪ್ಸ್‌ನ ಘಾಟ್, ಸ್ಟೆಲ್ವಿಯೊ ಪಾಸ್. 2757 ಮೀಟರ್ ಎತ್ತರ, ಪ್ರಾತೊ ಊರಿನ ಕಡೆಯಿಂದ 48 ಹೇರ್‌ಪಿನ್ ತಿರುವು. ಫೋಟೊದಲ್ಲಿ ಚೆಂದ. ಬೇಸಿಗೆಯ ಭಾನುವಾರ ಅಲ್ಲಿ ಕ್ಯಾಂಪರ್ ವ್ಯಾನು, ಸೈಕಲ್ಲು, ಬಾಡಿಗೆ ಸ್ಪೋರ್ಟ್ಸ್ ಕಾರು ಎಲ್ಲ ಒಂದೇ ತಿರುವಿನಲ್ಲಿ ಸೇರುತ್ತವೆ. ಗೇರ್ ಹಾಕಿ ಕ್ಲಚ್ ಹಿಡಿದು ನಿಂತರೆ ಡ್ರೈ ಕ್ಲಚ್ಚಿನ (ಆಯಿಲ್‌ನಲ್ಲಿ ಮುಳುಗಿರದ ಕ್ಲಚ್) ಹಳೇ ಗಾಡಿಗೂ ನಮ್ಮ ಎಡಗೈಗೂ ಶಿಕ್ಷೆ. ನನಗೆ ಜನಜಂಗುಳಿ ಆಗುವುದಿಲ್ಲ, ಅದನ್ನು ಕಳೆದು ಈ ಮಾತು ಓದಿ. ಆಸ್ಟ್ರಿಯಾದಿಂದ ಇಟಲಿಗೆ ದಾಟುವ ರೆಶೆನ್ ಪಾಸ್ ಇಳಿದ ಮೇಲೆ ಬಲಕ್ಕೆ ಹೊರಳಿ ಸ್ವಿಟ್ಜರ್ಲೆಂಡಿನ ಸಾಂತಾ ಮರಿಯಾಗೆ ಹೋಗಿ, ಉಂಬ್ರೈಲ್ ಪಾಸ್ ಹತ್ತಿ. ಸ್ಟೆಲ್ವಿಯೊ ತುದಿಯ ಸ್ವಲ್ಪ ಕೆಳಗೆ ಅದೇ ರಸ್ತೆಗೆ ಸೇರುತ್ತದೆ. ಅಲ್ಲಿಂದ ನೇರ ಬೋರ್ಮಿಯೊಗೆ ಇಳಿಯಬಹುದು. ಹೈವೇ ಮುಟ್ಟುವುದಿಲ್ಲವಾದ್ದರಿಂದ ಸ್ವಿಸ್ ವಿನ್ಯೆಟ್, ಅಂದರೆ ಹೈವೇ ಟೋಲ್ ಸ್ಟಿಕ್ಕರ್, ಬೇಕಿಲ್ಲ.

ಅಷ್ಟು ಎತ್ತರದಲ್ಲಿ ಗಾಳಿ ತೆಳು. ಕಾರ್ಬ್ಯುರೇಟರ್ ಗಾಡಿಗೆ ಪೆಟ್ರೋಲ್ ಜಾಸ್ತಿಯಾಗಿ ಐಡ್ಲಿಂಗ್ ಗುಡುಗುಡು ಅನ್ನುತ್ತದೆ. ಸ್ಕ್ರೂ ಮುಟ್ಟಬೇಡಿ, ಇಳಿದರೆ ತಾನೇ ಸರಿಹೋಗುತ್ತದೆ. ಟಿ3ಯಲ್ಲಿ ಕಾಲಿನ ಬ್ರೇಕ್ ಒತ್ತಿದರೆ ಹಿಂದಿನ ಡಿಸ್ಕ್ ಜೊತೆ ಮುಂದಿನ ಒಂದು ಡಿಸ್ಕೂ ಹಿಡಿಯುತ್ತದೆ. ಇಳಿಜಾರಿನಲ್ಲಿ ಸುಖವಾಗಿದೆ ಅಂತ ಕಾಲಿಟ್ಟೇ ಕೂರುತ್ತೇವೆ ಅಲ್ವಾ, ಅದಕ್ಕೇ ಹೊರಡುವ ಮುಂಚೆ ಬ್ರೇಕ್ ಆಯಿಲ್ ಬದಲಿಸಿ. ಹಳೇದು ನೀರು ಹೀರಿಕೊಂಡಿರುತ್ತದೆ, ಕಾದರೆ ಕುದಿಯುತ್ತದೆ. ಒಂದು ಕ್ಲಚ್ ಕೇಬಲ್, ಸಂದಿ ಅಳೆಯಲು ಒಂದು ಫೀಲರ್ ಗೇಜ್ ಇರಲಿ. ಸಿಲಿಂಡರ್ ಎರಡೂ ಪಕ್ಕಕ್ಕೆ ಚಾಚಿಕೊಂಡಿರುವುದರಿಂದ ಟ್ಯಾಪೆಟ್ ಸೆಟ್ಟಿಂಗ್ (ವಾಲ್ವಿನ ಸಂದಿ ಸರಿಮಾಡುವುದು) ರಸ್ತೆ ಬದಿಯಲ್ಲೇ ಮುಗಿಯುತ್ತದೆ. ಚೈನ್ ಇಲ್ಲ, ಶಾಫ್ಟ್. ಆ ತಲೆನೋವೂ ಇಲ್ಲ.

ಊಟದ ವಿಷಯ ಹೇಳಲೇಬೇಕು. ಬೋರ್ಮಿಯೊ ಇಳಿದರೆ ವಾಲ್ತೆಲ್ಲಿನಾ ಕಣಿವೆ. ಅಲ್ಲಿನ ಪಿತ್ಸೊಕ್ಕೆರಿ ಸಸ್ಯಾಹಾರಿಗಳಿಗೆ ವರ. ಬಕ್‌ವೀಟ್ (ಕುಟ್ಟು) ಹಿಟ್ಟಿನ ಅಗಲ ಪಟ್ಟಿಗಳು, ನೋಡಲು ರಾಗಿ ಶಾವಿಗೆಯ ಬಣ್ಣ. ಆಲೂಗಡ್ಡೆ, ಕೋಸಿನ ಜೊತೆ ಬೇಯಿಸಿ, ಪದರ ಪದರವಾಗಿ ಚೀಸ್ ಹಾಕಿ, ಮೇಲೆ ಬೆಳ್ಳುಳ್ಳಿ ಕಾಯಿಸಿದ ಬೆಣ್ಣೆ ಸುರಿಯುತ್ತಾರೆ. ಆ ಕಣಿವೆಯ ತೆಲ್ಯೊ ಊರು ಅದರ ತವರು. ನಾನು ತಿಂದಿದ್ದು ಕೆಳಗಿನ ರಸ್ತೆಯ ಒಂದು ಸಣ್ಣ ಹೋಟೆಲಿನಲ್ಲಿ, ಲಾರಿ ಡ್ರೈವರುಗಳ ಜೊತೆ. ಮೆನು ಕಾರ್ಡ್ ಇಲ್ಲ. ಬಡಿಸುವ ಅಜ್ಜಿ ತಟ್ಟೆ ಖಾಲಿಯಾಗುವುದನ್ನು ನೋಡಿ, ಕೇಳದೆ ಇನ್ನೊಂದು ಸೌಟು ಹಾಕಿದರು, ಅದಕ್ಕೆ ದುಡ್ಡು ಹಿಡಿಯಲಿಲ್ಲ. ಮಂಡೆಲ್ಲೊ ರೂಮಿನಲ್ಲಿ ಟವೆಲ್ಲಿಗೆ ಕೊಟ್ಟಿದ್ದು ನೆನಪಾದಾಗಲೆಲ್ಲ ಈ ಅಜ್ಜಿಯೂ ನೆನಪಾಗುತ್ತಾರೆ. ಹೊಟ್ಟೆ ಎಷ್ಟು ಭಾರವಾಯಿತೆಂದರೆ ಅರ್ಧ ಗಂಟೆ ಬೈಕ್ ಹತ್ತಲಿಲ್ಲ. ಕಟ್ಟಾ ಸಸ್ಯಾಹಾರಿಗಳಿಗೆ ಒಂದು ಮಾತು: ಇದಕ್ಕೆ ಹಾಕುವ ಕಾಸೆರಾ ಚೀಸಿನ ಹೆಪ್ಪು ಕರುವಿನ ಹೊಟ್ಟೆಯ ರೆನೆಟ್‌ನದು.

ಪೆಟ್ರೋಲ್ ಬಂಕಿನಲ್ಲಿ 'ಸೆರ್ವೀತೊ' ಅಂತ ಬರೆದ ಪಂಪಿಗೆ ಹೋಗಬೇಡಿ. ಅವರು ಹಾಕಿಕೊಡುತ್ತಾರೆ, ಲೀಟರಿಗೆ ರೇಟೂ ಜಾಸ್ತಿ. 'ಸೆಲ್ಫ್' ಪಂಪಿನ ಮಷಿನ್ನಿಗೆ ಐದು, ಹತ್ತರ ನೋಟು ಇಟ್ಟುಕೊಳ್ಳಿ, ಐವತ್ತು ತೂರಿಸಿದರೆ ಚಿಲ್ಲರೆ ಬರುವುದಿಲ್ಲ, ಬರೀ ಚೀಟಿ ಬರುತ್ತದೆ.